ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಗಾಯಗೊಂಡ ಬೀದಿ ಬೆಕ್ಕಿಗಾಗಿ ಹಣ ಕೂಡಿಸುವಾಗ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ಗಾಯಗೊಂಡು ಬಿದ್ದಿದ್ದ ಬೀದಿ ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದವರು ಅಲ್ಲಿಯ ಖರ್ಚಿನ ಮೊತ್ತ ಕೇಳಿ ದಿಕ್ಕು ತೋಚದೆ ಬರೆದವು ಕೆಲವು; ಹಣ ಕೂಡಿಸಿದ ಮೇಲೆ ಎದುರಾದ ತೊಡಕುಗಳ ಬಗ್ಗೆ ಬರೆದವು ಇನ್ನು ಕೆಲವು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇಲ್ಲಿಯ ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಯಾರ ಮನೆಗೂ ಸೇರದ, ಆದರೆ ನಾಲ್ಕು ಮನೆಗಳವರು ಅನ್ನ ಹಾಕುವ ಬೂದು ಬಣ್ಣದ ಹೆಣ್ಣು ಬೆಕ್ಕೊಂದಿದೆ. ಮೊನ್ನೆ ಸಂಜೆ ವಾಹನ ಬಡಿದು ಅದರ ಎಡ ಹಿಂಗಾಲಿನ ತೊಡೆಮೂಳೆ ಮುರಿದಿದೆ. ಮೊದಲ ದಿನದ ಎಕ್ಸ್‌-ರೇ, ಡ್ರಿಪ್, ಚುಚ್ಚುಮದ್ದುಗಳಿಗೆ ನಾವೇ 3,500 ರೂಪಾಯಿ ಕೊಟ್ಟೆವು. ಶಸ್ತ್ರಚಿಕಿತ್ಸೆಗೆ ಇನ್ನೂ 24,000 ರೂಪಾಯಿ ಆಗಬಹುದೆಂದು ವೈದ್ಯರು ಹೇಳಿದ್ದಾರೆ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿಕೊಂಡಾಗ 4,200 ರೂಪಾಯಿ ಬಂತು. ಆದರೆ ಒಬ್ಬರು ಎಲ್ಲರೆದುರು 'ಲೆಕ್ಕ ಎಲ್ಲಿದೆ?' ಎಂದು ಕೇಳಿದರು. ಇನ್ನೊಬ್ಬರು 'ಮನುಷ್ಯರ ಚಿಕಿತ್ಸೆಗೇ ದುಡ್ಡಿಲ್ಲದಿರುವಾಗ ಬೀದಿ ಬೆಕ್ಕಿಗೆ ಇಷ್ಟು ಸುರಿಯಬೇಕೇ?' ಎಂದರು. ನನಗೆ ಬಹಳ ನೋವಾಯಿತು. ಹಣ ಕೇಳುವುದು ಹೇಗೆಂದು ದಯವಿಟ್ಟು ತಿಳಿಸಿ. – ಪಿ. ಕೆ., ತುಮಕೂರು

ಉತ್ತರ: ನಿಮ್ಮನ್ನು ನೋಯಿಸಿದ ಮಾತಿನಿಂದಲೇ ಆರಂಭಿಸುತ್ತೇನೆ. ಲೆಕ್ಕ ಕೇಳಿದವರು ನಿಮ್ಮನ್ನು ಅವಮಾನಿಸಿದರೆಂದು ತಿಳಿಯಬೇಡಿ. ಮನುಷ್ಯ ರೋಗಿಗಾಗಿ ಹಣ ಕೂಡಿಸಿದರೆ, ತನಗೆ ಎಷ್ಟು ತಲುಪಿತು, ಎಷ್ಟು ತಲುಪಲಿಲ್ಲ ಎಂದು ಆತನೋ ಆತನ ಮನೆಯವರೋ ಒಂದು ದಿನ ಹೇಳಿಯಾರು. ಬೆಕ್ಕಿಗೆ ಆ ಬಾಯಿ ಇಲ್ಲ. ಅದರ ಹೆಸರಿನಲ್ಲಿ ಬಂದ ಒಂದೊಂದು ರೂಪಾಯಿಗೂ ಅದರ ಪರವಾಗಿ ಉತ್ತರ ಹೇಳಬೇಕಾದವರು ಹಣ ಕೇಳಿದವರೇ. ಲೆಕ್ಕ ಇಡುವುದನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ. ಏಕೆಂದರೆ ಇಂದು ನಿಮ್ಮ ಮೇಲೆ ಜನ ಇಟ್ಟ ನಂಬಿಕೆ ಉಳಿದರೆ ಮಾತ್ರ, ಮುಂದಿನ ವರ್ಷ ಅದೇ ಬೀದಿಯಲ್ಲಿ ಇನ್ನೊಂದು ಬೆಕ್ಕು ಬಿದ್ದಾಗ ಕೇಳುವವರಿಗೆ ಕೊಡುವವರು ಸಿಗುತ್ತಾರೆ. ಆದ್ದರಿಂದ ಈಗಾಗಲೇ ಬಂದಿರುವ 4,200 ರೂಪಾಯಿಯ ಲೆಕ್ಕವನ್ನು, ಆಸ್ಪತ್ರೆಯ ರಸೀದಿಯ ಚಿತ್ರದೊಂದಿಗೆ, ಇವತ್ತೇ ಗುಂಪಿನಲ್ಲಿ ಹಾಕಿ, ಕೇಳಿದವರಿಗೆ ಧನ್ಯವಾದ ಹೇಳಿ.

ಎರಡನೆಯದಾಗಿ, ನಿಮಗೆ ಇರುವ ಕಾಲಾವಕಾಶ ಎಷ್ಟೆಂಬುದನ್ನು ಅರಿತುಕೊಳ್ಳಿ. ವಾಹನ ಬಡಿದ ಬೆಕ್ಕಿನ ಮೊದಲ 24 ಗಂಟೆಗಳು ಮೂಳೆಗೆ ಸೇರಿದವಲ್ಲ, ಜೀವಕ್ಕೆ ಸೇರಿದವು. ಆಘಾತದಿಂದ ಕುಸಿದ ದೇಹವನ್ನು ಡ್ರಿಪ್ ಮತ್ತು ನೋವು ನಿವಾರಕಗಳಿಂದ ಸ್ಥಿರಗೊಳಿಸುವುದು, ಉಸಿರಾಟ ಸರಿಯಾಗಿದೆಯೇ, ಎದೆಗೂ ಹೊಟ್ಟೆಗೂ ನಡುವಿನ ವಪೆ ಹರಿದಿದೆಯೇ, ಮೂತ್ರಕೋಶ ಒಡೆದಿದೆಯೇ ಎಂದು ನೋಡುವುದು ಮೊದಲ ಕೆಲಸ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಒಂದು ದಿನ ಕಳೆದರೂ ಮೂತ್ರ ಮಾಡದಿದ್ದರೆ, ಅದು ತುರ್ತಿನ ಮಾತು. ಈ ಹಂತವನ್ನು ನಿಮ್ಮ 3,500 ರೂಪಾಯಿ ದಾಟಿಸಿದೆ. ಚರ್ಮ ಸೀಳಿ ಮೂಳೆ ಹೊರಗೆ ಬಂದಿರದಿದ್ದರೆ, ತೊಡೆಮೂಳೆಯ ಶಸ್ತ್ರಚಿಕಿತ್ಸೆಯನ್ನು ಅದೇ ರಾತ್ರಿ ಮಾಡಬೇಕಾಗುವುದು ಅಪರೂಪ. ಬೆಕ್ಕು ಚೇತರಿಸಿಕೊಂಡ ಮೇಲೆ, ಕೆಲವು ದಿನಗಳೊಳಗೆ ಮಾಡುವುದು ವಾಡಿಕೆ. ಆದರೆ ಎರಡು ಮೂರು ವಾರ ಎಳೆದರೆ ಮುರಿದ ತುದಿಗಳು ಅಡ್ಡಾದಿಡ್ಡಿ ಕೂಡಿಕೊಂಡು, ಸ್ನಾಯುಗಳು ಕುಗ್ಗಿ, ಕೆಲಸ ಕಷ್ಟವಾಗುತ್ತದೆ. ಎಂದರೆ ನಿಮಗಿರುವುದು ನಾಲ್ಕೈದು ದಿನಗಳು. 'ಇನ್ನು ಎರಡು ಗಂಟೆಯಲ್ಲಿ ಹಣ ಬರದಿದ್ದರೆ ಬೆಕ್ಕು ಸಾಯುತ್ತದೆ' ಎಂದು ಬರೆಯುವ ಅಗತ್ಯ ನಿಮಗಿಲ್ಲ, ಹಾಗೆ ಬರೆಯಲೂ ಬಾರದು.

ಈ ಅವಧಿಯಲ್ಲಿ ಅಂದಾಜು ಪಟ್ಟಿಯನ್ನು ಬಾಯಿಮಾತಿನಲ್ಲಿ ಅಲ್ಲದೆ ಬರಹದಲ್ಲಿ ಪಡೆಯಿರಿ. 24,000 ರೂಪಾಯಿ ಎಂಬ ಒಂದೇ ಅಂಕಿಯಿಂದ ನಿಮಗೂ ತಿಳಿಯುವುದಿಲ್ಲ, ಕೊಡುವವರಿಗೂ ತಿಳಿಯುವುದಿಲ್ಲ. ರಕ್ತಪರೀಕ್ಷೆ, ಅರಿವಳಿಕೆ, ಶಸ್ತ್ರಚಿಕಿತ್ಸಕರ ಶುಲ್ಕ, ಒಳಗೆ ಹಾಕುವ ಪಿನ್ ಅಥವಾ ಪ್ಲೇಟು, ಒಳರೋಗಿಯಾಗಿ ಇರಿಸಿಕೊಳ್ಳುವ ದಿನವಹಿ ಶುಲ್ಕ, ಔಷಧಿ, ಆರೆಂಟು ವಾರಗಳ ನಂತರದ ಎರಡನೆಯ ಎಕ್ಸ್‌-ರೇ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಕೇಳಿ ಬರೆಸಿಕೊಳ್ಳಿ. ನಾನು ಕಂಡಂತೆ ಹಣ ಕೂಡಿಸುವವರು ಬಹುತೇಕ ಎಡವುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆಯ ಮೊತ್ತವನ್ನಷ್ಟೇ ಕೇಳಿ, ಅದು ಕೂಡಿದ ಮೇಲೆ ಆರೈಕೆಯ ಖರ್ಚಿಗೆ ಮತ್ತೆ ಕೈಚಾಚಬೇಕಾಗುತ್ತದೆ. ಆಗ ಮೊದಲು ಮನಸ್ಸಿಟ್ಟು ಕೊಟ್ಟವರಿಗೂ ಬೇಸರವಾಗುತ್ತದೆ.

ಹಾಗೆಯೇ ಬೇರೆ ದಾರಿಗಳಿವೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಸೊಂಟದ ಮೂಳೆ ಬಿರುಕು ಬಿಟ್ಟ ಬೆಕ್ಕುಗಳಲ್ಲಿ ಹಲವು, ನಾಲ್ಕರಿಂದ ಆರು ವಾರ ಪಂಜರದಲ್ಲಿ ಅಲುಗಾಡದಂತೆ ಇರಿಸಿದರೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ನಡೆಯುತ್ತವೆ. ತೊಡೆಮೂಳೆಗೆ ಆ ಅನುಕೂಲ ಕಡಿಮೆ. ಮೇಲಿನ ಕೀಲನ್ನು ಪಟ್ಟಿಯಿಂದ ಬಿಗಿದು ನಿಲ್ಲಿಸಲಾಗದ ಕಾರಣ ಹೊರಗಿನ ಪ್ಲಾಸ್ಟರ್ ಅಲ್ಲಿ ನೆರವಾಗುವುದಿಲ್ಲ. ಮೂಳೆ ಚೂರುಚೂರಾಗಿದ್ದರೆ ಕಾಲನ್ನೇ ತೆಗೆಯುವ ಆಯ್ಕೆ ಇದೆ. ಕೇಳಲು ಕ್ರೂರವೆನಿಸುವ ಈ ಮಾತು ಬೆಕ್ಕಿನ ಮಟ್ಟಿಗೆ ಅಷ್ಟು ಕ್ರೂರವಲ್ಲ. ಮೂರು ಕಾಲಿನ ಬೆಕ್ಕುಗಳು ಕೆಲವೇ ವಾರಗಳಲ್ಲಿ ಓಡುತ್ತವೆ, ಹತ್ತುತ್ತವೆ. ಪ್ಲೇಟು ಹಾಕುವುದಕ್ಕಿಂತ ಇದರ ಖರ್ಚೂ ಸಾಮಾನ್ಯವಾಗಿ ಕಡಿಮೆ. ನಿಮ್ಮೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್, ಗದಗಗಳಲ್ಲಿಯೂ ಇಂತಹ ಕಾಲೇಜುಗಳಿವೆ. ಬೋಧನಾ ಆಸ್ಪತ್ರೆಗಳ ಶುಲ್ಕ ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಫೋನು ಮಾಡಿ ಶಸ್ತ್ರಚಿಕಿತ್ಸೆಯ ದಿನಗಳನ್ನು ವಿಚಾರಿಸಿ, ಕಾರಿನ ಬಾಡಿಗೆಯನ್ನೂ ಸೇರಿಸಿ, ಎರಡು ಮೊತ್ತಗಳನ್ನು ಹೋಲಿಸಿ ನೋಡಿ. ಬೀದಿ ಬೆಕ್ಕು ಎಂದು ತಿಳಿಸಿದರೆ ಖಾಸಗಿ ವೈದ್ಯರಲ್ಲಿ ಅನೇಕರು ತಮ್ಮ ಶುಲ್ಕವನ್ನು ಇಳಿಸುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅದು ಅವರ ಕರ್ತವ್ಯವೆಂಬಂತೆ ಕೇಳಬೇಡಿ. ಪಿನ್ನು, ಔಷಧಿ, ಅರಿವಳಿಕೆಗಳಿಗೆ ಅವರೂ ಹಣ ತೆತ್ತಿರುತ್ತಾರೆ.

ಇನ್ನು ಕೇಳುವ ಬಗೆ. ದೊಡ್ಡ ಗುಂಪುಗಳಿಗೆ ಹೋಗುವ ಮೊದಲು ಬೆಕ್ಕಿಗೆ ಅನ್ನ ಹಾಕುತ್ತಿದ್ದ ನಾಲ್ಕು ಮನೆಗಳ ಬಾಗಿಲಿಗೆ ನೀವೇ ಹೋಗಿ. ಪರದೆಯ ಮೇಲಿನ ಮನವಿಯನ್ನು ದಾಟಿ ಹೋಗುವವರೂ ಎದುರು ನಿಂತವರಿಗೆ ಇಲ್ಲವೆನ್ನುವುದು ಕಡಿಮೆ. ಬೆಕ್ಕನ್ನು ಬಲ್ಲವರಿಗೆ ಅದರ ಕಥೆ ಹೇಳುವ ಅಗತ್ಯವೂ ಇಲ್ಲ. ಆಮೇಲೆ ಬರಹದ ಮನವಿ. ಉದಾಹರಣೆಗೆ ಹೀಗೆ ಬರೆಯಬಹುದು:

"ನಮ್ಮ ಬೀದಿಯ ಬೂದು ಬೆಕ್ಕಿಗೆ ವಾಹನ ಬಡಿದು ತೊಡೆಮೂಳೆ ಮುರಿದಿದೆ. ಈಗ ಜೀವಕ್ಕೆ ಅಪಾಯವಿಲ್ಲ, ಆದರೆ ಶಸ್ತ್ರಚಿಕಿತ್ಸೆ ಇಲ್ಲದೆ ಅದು ನಡೆಯಲಾರದು. ಅಂದಾಜು ಪಟ್ಟಿ ಮತ್ತು ಎಕ್ಸ್‌-ರೇ ಚಿತ್ರ ಜೊತೆಗಿವೆ. ಬೇಕಿರುವುದು 24,000 ರೂಪಾಯಿ. ಮೊದಲ ದಿನದ 3,500 ರೂಪಾಯಿ ನಾವು ಕೊಟ್ಟಿದ್ದೇವೆ, ಮುಂದಿನ ಖರ್ಚಿಗೂ 4,000 ಕೊಡುತ್ತೇವೆ. ನೆರೆಯವರಿಂದ 4,200 ಬಂದಿದೆ. ಉಳಿದಿರುವುದು 15,800. ದಯವಿಟ್ಟು ಹಣವನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ, ಬೆಕ್ಕಿನ ನೋಂದಣಿ ಸಂಖ್ಯೆ ನಮೂದಿಸಿ ಕಳುಹಿಸಿ. ಗುಣವಾಗುವವರೆಗೆ ಬೆಕ್ಕು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತದೆ. ಹಣ ಉಳಿದರೆ ಅದರ ಲಸಿಕೆಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಬಳಸುತ್ತೇವೆ. ಮೊತ್ತ ಪೂರ್ತಿಯಾದ ದಿನವೇ ಇಲ್ಲಿ ತಿಳಿಸಿ, ಮುಂದೆ ಕಳುಹಿಸದಂತೆ ಕೋರುತ್ತೇವೆ."

ಈ ಮನವಿಯಲ್ಲಿ ಕೊನೆಯ ಮೂರು ವಾಕ್ಯಗಳನ್ನು ಜನ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಕೊಡುವವರ ಮನಸ್ಸನ್ನು ಗಟ್ಟಿ ಮಾಡುವುದು ಅವೇ. ಬೆಕ್ಕು ಎಲ್ಲಿರುತ್ತದೆ ಎಂಬುದಕ್ಕೆ ಉತ್ತರವಿಲ್ಲದ ಮನವಿಗೆ ನಾನಂತೂ ಒಪ್ಪಿಗೆ ಕೊಡುವುದಿಲ್ಲ. ಪಿನ್ನು ಹಾಕಿದ ಕಾಲಿನ ಬೆಕ್ಕನ್ನು ಮೂರನೆಯ ದಿನ ಬೀದಿಗೆ ಬಿಟ್ಟರೆ 24,000 ರೂಪಾಯಿಯೂ ಹೋಗುತ್ತದೆ, ಕಾಲೂ ಹೋಗುತ್ತದೆ. ರಕ್ತ ಸುರಿಯುತ್ತಿರುವ ಚಿತ್ರಗಳನ್ನು ಹಾಕಬೇಡಿ. ಅವುಗಳನ್ನು ಕಂಡವರು ಕಣ್ಣು ಮುಚ್ಚಿ ಮುಂದೆ ಸಾಗುತ್ತಾರೆ. ಟವೆಲಿನ ಮೇಲೆ ಮಲಗಿ ನಿಮ್ಮ ಕಡೆ ನೋಡುತ್ತಿರುವ ಬೆಕ್ಕಿನ ಒಂದು ಚಿತ್ರ ಸಾಕು. ವಾಹನ ಯಾರದೆಂದು ನಿಮಗೆ ತಿಳಿದಿದ್ದರೂ ಮನವಿಯಲ್ಲಿ ಆ ಹೆಸರು ಬರುವುದು ಬೇಡ. ಯಾರಾದರೂ ಬೇಕೆಂದೇ ಪ್ರಾಣಿಯನ್ನು ಕೊಂದರೆ ಅಥವಾ ಅಂಗವಿಕಲಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಇದೆ. ಅಂಥದ್ದೇನಾದರೂ ನಡೆದಿದ್ದರೆ ವೈದ್ಯರ ಬರಹದೊಂದಿಗೆ ಪೊಲೀಸ್ ಠಾಣೆಗೆ ಹೋಗಬೇಕೇ ಹೊರತು ಚಿಕಿತ್ಸೆಯ ಮನವಿಯನ್ನು ಜಗಳದ ಕಾಗದ ಮಾಡಬಾರದು; ಬೀದಿ ಎರಡು ಪಾಲಾದರೆ ನಷ್ಟ ಬೆಕ್ಕಿಗೆ.

ಮನುಷ್ಯರಿಗೇ ಇಲ್ಲದಿರುವಾಗ ಬೆಕ್ಕಿಗೇಕೆ ಎಂದವರಿಗೆ ಗುಂಪಿನಲ್ಲಿ ವಾದ ಹೂಡಬೇಡಿ. ಅವರ ಮಾತಿನ ಹಿಂದೆ ಅವರದೇ ಆದ ನೋವೊಂದು ಇದ್ದೀತು. ನನ್ನನ್ನು ಕೇಳಿದರೆ, ಕರುಣೆಯನ್ನು ಹೀಗೆ ಅಳತೆಯ ಪಾತ್ರೆಯಿಂದ ಹಂಚಲಾಗದು ಎನ್ನುತ್ತೇನೆ. ಬೆಕ್ಕಿಗೆ 100 ರೂಪಾಯಿ ಕೊಟ್ಟವರು ಅದನ್ನು ಯಾವ ರೋಗಿಯ ಕೈಯಿಂದಲೂ ಕಿತ್ತು ತಂದಿರುವುದಿಲ್ಲ. ಜೀವಿಗಳ ಬಗ್ಗೆ ಅನುಕಂಪ ತೋರುವುದನ್ನು ನಮ್ಮ ಸಂವಿಧಾನ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳ ಸಾಲಿನಲ್ಲಿಯೇ ಸೇರಿಸಿದೆ. ಆದರೂ ಕೊಡಲು ಮನಸ್ಸಿಲ್ಲದವರ ಮೇಲೆ ಒತ್ತಾಯ ಸಲ್ಲದು, ಕೊಟ್ಟವರ ಹೆಸರಿನ ಪಟ್ಟಿ ಹಾಕಿ ಕೊಡದವರನ್ನು ನಾಚಿಸುವುದೂ ಸಲ್ಲದು. ಮೊತ್ತವನ್ನಷ್ಟೇ ಬರೆಯಿರಿ, ಹೆಸರು ಬೇಡ. ಹನಿಗೂಡಿದರೆ ಹಳ್ಳ ಎಂಬಂತೆ ಹತ್ತು, ಇಪ್ಪತ್ತು ರೂಪಾಯಿ ಕೊಟ್ಟವರದೂ ಆ ಪಟ್ಟಿಯಲ್ಲಿ ಅಷ್ಟೇ ಗೌರವದಿಂದ ಬರಲಿ.

ಪ್ರಶ್ನೆ: ಛಾವಣಿಯಿಂದ ಬಿದ್ದು ಕುಂಟುತ್ತಿರುವ ಬೆಕ್ಕೊಂದನ್ನು ಹಾಸ್ಟೆಲಿನಲ್ಲಿ ಇರಿಸಿಕೊಂಡಿದ್ದೇವೆ. ನಾವು ವಿದ್ಯಾರ್ಥಿಗಳು, ಹಣ ಕೂಡಲು ಮೂರು ದಿನವಾದರೂ ಬೇಕು. ಅಲ್ಲಿಯವರೆಗೆ ನೋವಿಗೆ ನಮ್ಮ ಬಳಿ ಇರುವ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಅರ್ಧ ಕೊಡಬಹುದೇ? – ವಿದ್ಯಾರ್ಥಿನಿಯರು, ಹಾಸನ

ಉತ್ತರ: ಖಂಡಿತ ಕೊಡಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಆ ಔಷಧಿಯನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತವು ಆಮ್ಲಜನಕವನ್ನು ಹೊರುವ ಗುಣವನ್ನೇ ಕಳೆದುಕೊಂಡು, ವಸಡುಗಳು ಕಂದು ಅಥವಾ ನೀಲಿಗೆ ತಿರುಗಿ, ಮುಖ ಊದಿಕೊಂಡು ಬೆಕ್ಕು ಸಾಯಬಹುದು. ಒಂದೇ ಮಾತ್ರೆ ಅದಕ್ಕೆ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಬೇಡ. ಈಗಾಗಲೇ ಕೊಟ್ಟಿದ್ದರೆ ಹಣದ ಯೋಚನೆ ಬಿಟ್ಟು ಈ ಕ್ಷಣವೇ ಆಸ್ಪತ್ರೆಗೆ ಹೋಗಿ, ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ, ಅದಕ್ಕೆ ಪ್ರತ್ಯೌಷಧವಿದೆ.

ಮೂರು ದಿನ ಕಾಯುವುದೂ ಬೇಡ. ಪರೀಕ್ಷೆ ಮತ್ತು ನೋವಿನ ಚುಚ್ಚುಮದ್ದಿಗೆ ಬೇಕಾಗುವ ಹಣ ಚಿಕ್ಕದು. ನಿಮ್ಮ ಊರಿನ ಪಶುವೈದ್ಯಕೀಯ ಕಾಲೇಜಿಗೋ ಸರ್ಕಾರಿ ಪಶು ಆಸ್ಪತ್ರೆಗೋ ಇಂದೇ ಕರೆದುಕೊಂಡು ಹೋಗಿ. ಏನಾಗಿದೆ ಎಂದು ತಿಳಿಯದೆ ಎಷ್ಟು ಬೇಕೆಂದು ಯಾರನ್ನು ಕೇಳುತ್ತೀರಿ? ಬೆಕ್ಕನ್ನು ದಪ್ಪ ಟವೆಲಿನಿಂದ ಸುತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಯ್ಯಿರಿ. ನೋವಿನಲ್ಲಿರುವ ಬೆಕ್ಕು, ಎಷ್ಟೇ ಸಾಧುವಾಗಿದ್ದರೂ, ಕಚ್ಚುತ್ತದೆ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಕ್ಕು ತಿನ್ನುತ್ತಿದೆಯೇ ಎಂಬುದನ್ನೂ ಗಮನಿಸಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಹುಟ್ಟುತ್ತದೆ, ಆಗ ಖರ್ಚು ಎರಡರಷ್ಟಾಗುತ್ತದೆ.

ಪ್ರಶ್ನೆ: ಬೆನ್ನುಮೂಳೆಗೆ ಪೆಟ್ಟಾದ ಬೀದಿ ಬೆಕ್ಕಿಗಾಗಿ ನಾನು 31,000 ರೂಪಾಯಿ ಕೂಡಿಸಿದೆ. ಎರಡನೆಯ ದಿನವೇ ವೈದ್ಯರು ಗುಣವಾಗುವ ಆಸೆ ಇಲ್ಲವೆಂದೂ ನೋವಿಲ್ಲದ ದಯಾಮರಣವನ್ನು ಯೋಚಿಸಬಹುದೆಂದೂ ಹೇಳಿದರು. ಅಷ್ಟು ಜನ ಹಣ ಕೊಟ್ಟಿರುವಾಗ ಕೈಬಿಟ್ಟರೆ ಏನೆಂದುಕೊಳ್ಳುತ್ತಾರೋ ಎಂದು ಹೆದರಿ ಚಿಕಿತ್ಸೆ ಮುಂದುವರಿಸಿದೆ. ನಾಲ್ಕನೆಯ ದಿನ ಅದು ತೀರಿಕೊಂಡಿತು. 13,400 ರೂಪಾಯಿ ಖರ್ಚಾಗಿ 17,600 ಉಳಿದಿದೆ. ಈ ಹಣವನ್ನು ಏನು ಮಾಡಲಿ? ನಾನು ತಪ್ಪು ಮಾಡಿದೆನೇ? – ಎಂ. ಎಸ್., ಹುಬ್ಬಳ್ಳಿ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಬೆಕ್ಕನ್ನು ಬೀದಿಯಿಂದ ಎತ್ತಿಕೊಳ್ಳದಿದ್ದರೆ ಅದು ಆ ನಾಲ್ಕು ದಿನಗಳನ್ನು ಚರಂಡಿಯ ಬದಿಯಲ್ಲಿ, ಔಷಧಿಯಿಲ್ಲದೆ, ನೀರಿಲ್ಲದೆ ಕಳೆಯುತ್ತಿತ್ತು. ಅದಕ್ಕಾಗಿ ನಿಮಗೆ ನಾನು ಕೃತಜ್ಞ. ಆದರೆ ಪ್ರಾಮಾಣಿಕವಾಗಿ ಕೇಳಿದ್ದೀರಿ, ಪ್ರಾಮಾಣಿಕವಾಗಿಯೇ ಹೇಳಬೇಕು. ವೈದ್ಯರು ಆಸೆ ಇಲ್ಲವೆಂದ ಮೇಲೆ ಉಳಿದ ಎರಡು ದಿನಗಳ ನೋವನ್ನು ಬೆಕ್ಕು ಹೊತ್ತದ್ದು ಜನರ ಮಾತಿನ ಭಯಕ್ಕಾಗಿ. ಕೊಟ್ಟವರ ಹಣ ಹೀಗೆ ಕೊರಳಿಗೆ ಕಟ್ಟಿದ ಕಲ್ಲಾಗುವುದನ್ನು ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಅನೇಕ ಸಲ ಕಂಡಿದ್ದೇನೆ, ಮತ್ತು ಪ್ರತಿ ಸಲವೂ ಆ ಮನುಷ್ಯ ಒಳ್ಳೆಯವನೇ ಆಗಿರುತ್ತಿದ್ದ. ಜನ ಹಣ ಕೊಟ್ಟದ್ದು ಬೆಕ್ಕಿನ ನೋವು ಕಳೆಯಲಿ ಎಂದು. ವಾಸಿಯಾಗುವ ದಾರಿ ಮುಚ್ಚಿದಾಗ ನೋವಿಲ್ಲದ ಸಾವೂ ಆ ಉದ್ದೇಶಕ್ಕೇ ಸೇರಿದ್ದು, ಅದರ ಖರ್ಚನ್ನು ಅದೇ ಹಣದಿಂದ ಕೊಡುವುದು ಸರಿಯಾದದ್ದೇ. ಹಣ ಕೂಡಿಸಲು ಹೊರಡುವ ಎಲ್ಲರೂ ಮನವಿಯಲ್ಲಿ 'ಚಿಕಿತ್ಸೆಯ ಯಾವುದೇ ಹಂತದಲ್ಲಿ ವೈದ್ಯರ ತೀರ್ಮಾನವನ್ನು ಅನುಸರಿಸುತ್ತೇವೆ' ಎಂಬ ಒಂದು ಸಾಲನ್ನು ಮೊದಲ ದಿನವೇ ಸೇರಿಸಿದರೆ, ಎರಡನೆಯ ದಿನ ನಿಮಗಾದ ಭಯ ಅವರಿಗೆ ಆಗುವುದಿಲ್ಲ.

ಉಳಿದ 17,600 ರೂಪಾಯಿ ನಿಮ್ಮದಲ್ಲ. ಅದು ಆ ಬೆಕ್ಕಿನದು. ಬೆಕ್ಕು ಇಲ್ಲವಾದ್ದರಿಂದ ಈಗ ಕೊಟ್ಟವರದು. ಮೊದಲು ಸಾವಿನ ಸುದ್ದಿಯನ್ನು ನೇರವಾಗಿ ತಿಳಿಸಿ, ಬಿಲ್ಲುಗಳನ್ನೆಲ್ಲ ತೋರಿಸಿ. ನಂತರ ಒಂದು ವಾರದ ಅವಧಿ ಕೊಟ್ಟು, ಹಿಂದಕ್ಕೆ ಬೇಕೆನ್ನುವವರಿಗೆ ಪ್ರಮಾಣಕ್ಕೆ ತಕ್ಕಂತೆ ಮರಳಿಸುವುದಾಗಿ ಹೇಳಿ. ನಿಮ್ಮ ಅಂಕಿಗಳ ಪ್ರಕಾರ 100 ರೂಪಾಯಿ ಕೊಟ್ಟವರಿಗೆ ಸುಮಾರು 57 ರೂಪಾಯಿ, 500 ಕೊಟ್ಟವರಿಗೆ 284 ರೂಪಾಯಿ ಬರುತ್ತದೆ. ಹೆಚ್ಚಿನವರು ಬೇಡವೆನ್ನುತ್ತಾರೆ. ಆಗ ಉಳಿಯುವ ಹಣವನ್ನು ನಿಮ್ಮ ಖಾತೆಯಲ್ಲಿ 'ಮುಂದಿನ ಬೆಕ್ಕಿಗೆ' ಎಂದು ಇರಿಸಿಕೊಳ್ಳುವುದಕ್ಕಿಂತ, ಅದೇ ಆಸ್ಪತ್ರೆಯಲ್ಲಿ ಈಗ ಚಿಕಿತ್ಸೆ ಪಡೆಯುತ್ತಿರುವ, ಹಣವಿಲ್ಲದ ಇನ್ನೊಂದು ಬೀದಿ ಪ್ರಾಣಿಯ ಬಿಲ್ಲಿಗೆ ಕಟ್ಟಿ, ಆ ರಸೀದಿಯನ್ನು ಎಲ್ಲರಿಗೂ ಕಳುಹಿಸಿ ಲೆಕ್ಕವನ್ನು ಮುಗಿಸುವುದು ನನಗೆ ಮೇಲೆನಿಸುತ್ತದೆ. ತಿಂಗಳುಗಟ್ಟಲೆ ಖಾತೆಯಲ್ಲಿ ಉಳಿದ ಪರರ ಹಣ, ಮುಟ್ಟದಿದ್ದರೂ, ಮನಸ್ಸಿಗೆ ಭಾರ.

ಪ್ರಶ್ನೆ: ನಾನು ಕೂಡಿಸುತ್ತಿರುವ ಚಿಕಿತ್ಸಾ ನಿಧಿಗೆ ಅಮೆರಿಕದಲ್ಲಿರುವ ಇಬ್ಬರು ಗೆಳತಿಯರು ಹಣ ಕಳುಹಿಸುತ್ತೇವೆ ಎಂದಿದ್ದಾರೆ. ಇಲ್ಲಿಯ ಸಹೋದ್ಯೋಗಿಗಳು ತೆರಿಗೆ ವಿನಾಯಿತಿಯ ರಸೀದಿ ಕೇಳುತ್ತಿದ್ದಾರೆ. ಏನು ಮಾಡಬೇಕು? – ಆರ್. ವಿ., ಬೆಂಗಳೂರು

ಉತ್ತರ: ಗೆಳತಿಯರಲ್ಲಿ ಯಾರ ಬಳಿ ಈಗಲೂ ಭಾರತದ ಪಾಸ್‌ಪೋರ್ಟ್ ಇದೆಯೋ ಅವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರ ಹಣ, ಅವರ ಬಳಿ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಚೀಟಿ) ಇದ್ದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಗೆ ಬರುತ್ತದೆ. ಅದನ್ನು ನಿಮ್ಮ ಖಾತೆಗೆ ಪಡೆಯಬೇಡಿ. ಆ ಕಾಯ್ದೆಯಡಿ ನೋಂದಾಯಿತವಾಗಿರುವ ಪ್ರಾಣಿ ರಕ್ಷಣಾ ಸಂಸ್ಥೆಯೊಂದಕ್ಕೆ ಅವರೇ ನೇರವಾಗಿ ಕೊಡಲಿ.

ವ್ಯಕ್ತಿಗಳಿಗೆ ಕೊಟ್ಟ ಹಣಕ್ಕೆ, 80ಜಿ ಎಂದು ಜನ ಕರೆಯುವ ದೇಣಿಗೆಯ ತೆರಿಗೆ ವಿನಾಯಿತಿ ಇಲ್ಲ. ಅದು ಅನುಮೋದಿತ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ, ಅಲ್ಲಿಯೂ ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಸಿಗುವುದಿಲ್ಲ. ಸಹೋದ್ಯೋಗಿಗಳಿಗೆ ಇದನ್ನು ಮೊದಲೇ ತಿಳಿಸಿ. ನಿಮಗೇ ಸಂಬಂಧಿಸಿದ ಇನ್ನೊಂದು ವಿಷಯವಿದೆ: ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ನಿಮ್ಮ ಖಾತೆಗೆ ಉಡುಗೊರೆಯಾಗಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅದನ್ನು ನಿಮ್ಮ ಆದಾಯವೆಂದು ಎಣಿಸಲು ಅವಕಾಶವಿದೆ. ಕೊಡುವವರೇ ಆಸ್ಪತ್ರೆಗೆ ನೇರವಾಗಿ ಕಟ್ಟಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಮೊತ್ತ ದೊಡ್ಡದಾಗುವ ಸೂಚನೆ ಕಂಡರೆ ಲೆಕ್ಕ ಪರಿಶೋಧಕರೊಬ್ಬರನ್ನು ಒಮ್ಮೆ ಕೇಳಿ.

ಪ್ರಶ್ನೆ: ನಾನು ಹಾಕಿದ ಬೆಕ್ಕಿನ ಚಿತ್ರವನ್ನೂ ಬರಹವನ್ನೂ ಯಾರೋ ತೆಗೆದುಕೊಂಡು, ತಮ್ಮ ಕ್ಯೂಆರ್ ಕೋಡ್ ಸೇರಿಸಿ ಹಂಚಿದ್ದಾರೆ. ಅದೇ ದಿನ ಒಬ್ಬರು ಕರೆ ಮಾಡಿ, 10,000 ರೂಪಾಯಿ ಕೊಡುತ್ತೇನೆ, ನಾನು ಕಳುಹಿಸುವ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರು. ಅನುಮಾನ ಬಂದು ಬಿಟ್ಟೆ. – ಎನ್. ಡಿ., ಮಂಗಳೂರು

ಉತ್ತರ: ಬಿಟ್ಟದ್ದು ಒಳ್ಳೆಯದಾಯಿತು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಯಾರಾದರೂ ಈ ಬಲೆಗೆ ಸಿಕ್ಕಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು, ಬ್ಯಾಂಕಿಗೂ ತಿಳಿಸಬೇಕು. ನಿಮ್ಮ ಚಿತ್ರ ಬಳಸಿ ಹಣ ಎತ್ತುತ್ತಿರುವವರ ಕೋಡಿನ ಚಿತ್ರವನ್ನು ಉಳಿಸಿಕೊಂಡು ಅದೇ ಸಂಖ್ಯೆಯ ಮೂಲಕ ದೂರು ಕೊಡಿ, ಗುಂಪುಗಳಲ್ಲಿಯೂ ಒಂದು ಎಚ್ಚರಿಕೆ ಹಾಕಿ.

ಮುಂದೆ ಮನವಿ ಬರೆಯುವಾಗ ದಿನಾಂಕ, ಊರು, ಆಸ್ಪತ್ರೆಯ ಹೆಸರು ಮತ್ತು ಮೊತ್ತವನ್ನು ಚಿತ್ರದ ಮೇಲೆಯೇ ಬರೆಯಿರಿ. ಬರಹವನ್ನು ಕತ್ತರಿಸಿ ಚಿತ್ರವನ್ನಷ್ಟೇ ಕದಿಯುವುದು ಆಗ ಸುಲಭವಾಗುವುದಿಲ್ಲ. ಮೊತ್ತ ಕೂಡಿದ ಕೂಡಲೇ 'ಪೂರ್ಣಗೊಂಡಿದೆ' ಎಂದು ಅದೇ ಚಿತ್ರದ ಮೇಲೆ ಬರೆದು ಮತ್ತೆ ಹಂಚಿ. ಮುಗಿದ ಮನವಿಗಳು ವರ್ಷಗಳ ನಂತರವೂ ಫೋನಿನಿಂದ ಫೋನಿಗೆ ತಿರುಗುತ್ತಿರುತ್ತವೆ. ಗುಣವಾಗಿ ಓಡಾಡುತ್ತಿರುವ ಬೆಕ್ಕಿನ ಹೆಸರಿನಲ್ಲಿ ಎಲ್ಲೋ ಯಾರೋ ಇನ್ನೂ ಹಣ ಕಳುಹಿಸುತ್ತಿರುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಪಿಂಚಣಿದಾರ. ಇಂತಹ ಮನವಿಗಳು ಬಂದಾಗ ಕೈಲಾದಷ್ಟು ಕೊಡಬೇಕೆನಿಸುತ್ತದೆ, ಆದರೆ ನಿಜವೋ ಸುಳ್ಳೋ ತಿಳಿಯುವುದಿಲ್ಲ. ದೊಡ್ಡ ಮೊತ್ತ ಕೊಡುವ ಶಕ್ತಿಯೂ ಇಲ್ಲ. ಮಕ್ಕಳು ದೂರದಲ್ಲಿದ್ದಾರೆ, ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. – ಜಿ. ಬಿ., ದಾವಣಗೆರೆ

ಉತ್ತರ: ಮೇಷ್ಟ್ರೇ, ಮನವಿಯಲ್ಲಿ ಆಸ್ಪತ್ರೆಯ ಹೆಸರಿದ್ದರೆ ಆ ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಮನವಿಯಿಂದಲ್ಲದೆ ಬೇರೆ ಕಡೆಯಿಂದ ಹುಡುಕಿ, ಇಂತಹ ಬೆಕ್ಕು ದಾಖಲಾಗಿದೆಯೇ, ಎಷ್ಟು ಬಾಕಿ ಇದೆ ಎಂದು ಕೇಳಿ. ಹೌದೆಂದರೆ ಅವರ ಖಾತೆಗೇ ಕಟ್ಟಿ. ಆಸ್ಪತ್ರೆಯ ಹೆಸರಿಲ್ಲದ, ಅಂದಾಜು ಪಟ್ಟಿಯಿಲ್ಲದ, ದಿನಾಂಕವಿಲ್ಲದ ಮನವಿಗೆ ಕೊಡದಿದ್ದರೆ ನಿಮ್ಮ ಮನಸ್ಸಿಗೆ ನೋವಾಗಬೇಕಾಗಿಲ್ಲ.

ಆದರೆ ನಿಮ್ಮ ಪತ್ರದ ಕೊನೆಯ ಸಾಲು ನನ್ನ ಗಮನ ಸೆಳೆಯಿತು. ಬೆಕ್ಕಿನ ಚಿಕಿತ್ಸೆಯಲ್ಲಿ ಹಣಕ್ಕಿಂತಲೂ ಸಿಗದ ವಸ್ತುವೊಂದಿದೆ, ಅದು ಆರು ವಾರಗಳ ಮಟ್ಟಿಗೆ ಒಂದು ಶಾಂತವಾದ ಕೋಣೆ. ಹಣ ಕೂಡಿ, ಶಸ್ತ್ರಚಿಕಿತ್ಸೆಯಾಗಿ, ಇರಿಸಿಕೊಳ್ಳುವವರಿಲ್ಲದೆ ಆಸ್ಪತ್ರೆಯ ಪಂಜರದಲ್ಲಿಯೇ ದಿನವಹಿ ಶುಲ್ಕ ಏರುತ್ತಿರುವ ಬೆಕ್ಕುಗಳು ಬೇಕಾದಷ್ಟಿವೆ. ಮಕ್ಕಳ ಕೋಣೆ ಖಾಲಿ ಇದ್ದರೆ, ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಹೇಳಿ ಬನ್ನಿ. ಬೇಕಾಗುವುದು ಬೆಕ್ಕು ಮಲಗಿ ಹೊರಳುವಷ್ಟು ಅಗಲದ ಪಂಜರ, ತಗ್ಗಾದ ಅಂಚಿನ ಒಂದು ತಟ್ಟೆಯಲ್ಲಿ ಮರಳು, ನೀರು, ಹಳೆಯ ಸೀರೆಯ ಹಾಸಿಗೆ. ಪಂಜರವನ್ನು ಆಸ್ಪತ್ರೆಯವರೋ ಬೆಕ್ಕನ್ನು ತಂದವರೋ ಕೊಟ್ಟಾರು, ಔಷಧಿ ಮತ್ತು ಆಹಾರದ ಖರ್ಚು ಕೂಡಿಸಿದ ನಿಧಿಯಿಂದಲೇ ಬರಬೇಕು, ಅದನ್ನು ಮೊದಲೇ ಮಾತನಾಡಿಕೊಳ್ಳಿ. ಹಾಲು ಕೊಡಬೇಡಿ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಮೀನು ಆಗುತ್ತದೆ. ನೀವು ಸಸ್ಯಾಹಾರಿಗಳಾಗಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪೊಟ್ಟಣ ಸಾಕು. ಮನೆಯಲ್ಲಿ ಬೇರೆ ಬೆಕ್ಕು ಇದ್ದರೆ ಎರಡು ವಾರ ಒಂದನ್ನೊಂದು ಸೇರಿಸಬೇಡಿ. ಬೆಕ್ಕು ಬಂದ ಮೊದಲ ಎರಡು ದಿನ ಅದು ಮೂಲೆ ಸೇರಿ ನಿಮ್ಮತ್ತ ತಿರುಗಿಯೂ ನೋಡದಿರಬಹುದು. ಮಾತನಾಡಿಸಲು ಹೋಗದೆ, ತಟ್ಟೆ ತುಂಬಿಸಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಬನ್ನಿ.